ಫೈಬರ್ ದೋಣಿಗೆ ಫೋಮ್ ಹಾಕುವವರು ಗಮನಿಸಿ

ನೀರು ತುಂಬಿದರೂ ದೋಣಿ ಮುಳುಗದಿರಲೆಂದು ಫೋಮ್ ಹಾಕುವಾಗ ಸೋಫಾದ ಸ್ಪಂಜನ್ನು ದಯವಿಟ್ಟು ಬಳಸಬೇಡಿ, ಅದು ನೀರು ಕುಡಿದು ಭಾರವಾಗುತ್ತದೆ. ಬೇಕಾದದ್ದು ಪ್ಯಾಕಿಂಗ್‌ಗೆ ಬಳಸುವ ಬಿಳಿ ಇಪಿಇ (ಉಬ್ಬಿಸಿದ ಪಾಲಿಥೀನ್) ಫೋಮ್. ಸಂಶಯವಿದ್ದರೆ ಒಂದು ತುಂಡನ್ನು ಕಲ್ಲು ಹೇರಿ ರಾತ್ರಿಯಿಡೀ ಮುಳುಗಿಸಿಡಿ. ಬೆಳಿಗ್ಗೆ ಹಿಂಡಿದಾಗ ಒಳಗಿಂದ ನೀರು ಬಂದರೆ ಬೇಡ. ಥರ್ಮಾಕೋಲ್ ತೇಲುತ್ತದೆ, ಆದರೆ ಪೆಟ್ರೋಲ್ ತಾಗಿದರೆ ಕರಗುತ್ತದೆ.

ಲೆಕ್ಕ ಹೀಗೆ. ಒಂದು ಲೀಟರ್ ಫೋಮ್ ಸುಮಾರು ಒಂದು ಕಿಲೋ ಎತ್ತುತ್ತದೆ. 150 ಕಿಲೋದ ಫೈಬರ್ ದೋಣಿ ನೀರೊಳಗೆ 55 ಕಿಲೋದಷ್ಟೇ ತೂಗುತ್ತದೆ, 40 ಕಿಲೋದ ಎಂಜಿನ್ ಸುಮಾರು 30. ಒಟ್ಟು 85. ಬಲೆ, ಲಂಗರು, ಅಂಚು ಹಿಡಿದು ನೇತಾಡುವ ಜನ ಎಲ್ಲ ಸೇರಿ 130 ಲೀಟರ್‌ಗೆ ಕಡಿಮೆ ಮಾಡಬೇಡಿ. 2 ಮೀಟರ್ ಉದ್ದ, 1 ಮೀಟರ್ ಅಗಲ, 50 ಮಿ.ಮೀ. ದಪ್ಪದ ಒಂದು ಶೀಟಿನಲ್ಲಿ 100 ಲೀಟರ್ ಇರುತ್ತದೆ.

ಹೆಚ್ಚಿನವರು ತಪ್ಪುವುದು ಜಾಗದಲ್ಲಿ. ತಳದಲ್ಲಿ ತುಂಬಿದರೆ ನೀರು ನುಗ್ಗಿದಾಗ ಫೋಮ್ ಮೇಲೇಳಲು ನೋಡಿ ದೋಣಿಯನ್ನೇ ಮಗುಚುತ್ತದೆ. ಎರಡೂ ಬದಿಯ ಅಂಚಿನ ಕೆಳಗೆ, ಆದಷ್ಟು ಮೇಲೆ, ಸಮನಾಗಿ ಕೂರಿಸಿ. ಎಂಜಿನ್ ಭಾರಕ್ಕೆ ಹಿಂಬದಿಯಲ್ಲಿ ತುಸು ಹೆಚ್ಚು. ಫೋಮ್ ಮೆತ್ತಗಿರುವುದರಿಂದ ಬದಿಯ ಬಾಗಿಗೆ ತಾನೇ ಒಗ್ಗುತ್ತದೆ, ಅದೇ ಇದರ ದೊಡ್ಡ ಅನುಕೂಲ.

ಇಪಿಇಗೆ ಅಂಟು ಸರಿಯಾಗಿ ಹಿಡಿಯುವುದಿಲ್ಲ. 40 ಲೀಟರ್‌ನ ತುಂಡು ನೀರಿನಲ್ಲಿ ಹೆಚ್ಚುಕಡಿಮೆ 40 ಕಿಲೋ ಬಲದಿಂದ ಮೇಲಕ್ಕೆ ಎಳೆಯುತ್ತದೆ, ಹಾಗಾಗಿ ಅಗಲವಾದ ನೈಲಾನ್ ಪಟ್ಟಿ ಮತ್ತು ಸ್ಟೀಲ್ ಬೋಲ್ಟ್ ಬೇಕೇಬೇಕು. ತೆಳು ಹಗ್ಗ ಫೋಮನ್ನು ಕೊಯ್ಯುತ್ತದೆ. ಬಿಸಿಲಿಗೆ ಪುಡಿಯಾಗದಂತೆ ಟಾರ್ಪಾಲಿನ್ ಹೊದಿಸಿ, ಕೆಳಗೆ ನೀರು ಹರಿಯಲು ಸಂದು ಬಿಡಿ.

ಕೆಲಸ ಮುಗಿದ ಮೇಲೆ ಸೊಂಟಮಟ್ಟದ ನೀರಿನಲ್ಲಿ, ಎಂಜಿನ್ ಬದಲು ನೀರೊಳಗೆ 30 ಕಿಲೋ ತೂಗುವ ಕಬ್ಬಿಣ ಕಟ್ಟಿ, ದೋಣಿಗೆ ಪೂರ್ತಿ ನೀರು ತುಂಬಿಸಿ ನೋಡಿ. ಒಂದು ಬದಿಗೆ ವಾಲಿದರೆ ಆ ಬದಿಗೆ ಇನ್ನಷ್ಟು ಫೋಮ್ ಸೇರಿಸಿ.