ಪಾರಿವಾಳದ ನೊಣ: ನಾನು ಗೂಡಿನಿಂದಲೇ ಶುರು ಮಾಡಿದೆ

ಪಾರಿವಾಳ ಸಾಕುವವರಿಗೆ ಈ ನೊಣ ಗೊತ್ತೇ ಇರುತ್ತದೆ. ಹಕ್ಕಿಯನ್ನು ಕೈಗೆತ್ತಿಕೊಂಡು ಬಾಲದ ಬುಡದ ಗರಿ ಸರಿಸಿದರೆ, ಕಂದು ಬಣ್ಣದ ಚಪ್ಪಟೆ ನೊಣವೊಂದು ಏಡಿಯ ಹಾಗೆ ಅಡ್ಡಡ್ಡ ಓಡಿ ಮರೆಯಾಗುತ್ತದೆ. ಬೆರಳಲ್ಲಿ ಒತ್ತಿದರೂ ಸಾಯುವುದಿಲ್ಲ, ಮೈ ಅಷ್ಟು ಗಟ್ಟಿ. ಕೊಕ್ಕೆಯಂಥ ಉಗುರುಗಳಿಂದ ಗರಿಯನ್ನು ಕಚ್ಚಿಕೊಂಡಿರುತ್ತದೆ. ಕೆಲವೊಮ್ಮೆ ಹಾರಿ ಬಂದು ನಮ್ಮ ತಲೆಗೂದಲಿಗೇ ಸೇರಿಕೊಳ್ಳುತ್ತದೆ. ಕಚ್ಚಿದರೆ ನೋವು ಬೇರೆ.

ಒಂದೊಂದೇ ನೊಣ ಹಿಡಿದು ಹಿಸುಕುತ್ತಾ ಕೂತರೆ ಮುಗಿಯುವ ಕೆಲಸ ಅಲ್ಲ ಇದು. ಕಾರಣ ಅದರ ಸಂತಾನದಲ್ಲಿದೆ. ಈ ನೊಣ ಮೊಟ್ಟೆ ಇಡುವುದಿಲ್ಲ. ಒಂದು ಸಲಕ್ಕೆ ಒಂದೇ ಮರಿಹುಳು. ಅದು ತಾಯಿಯ ಹೊಟ್ಟೆಯೊಳಗೇ ಹಾಲಿನಂಥ ರಸ ಕುಡಿದು ಪೂರ್ತಿ ಬೆಳೆಯುತ್ತದೆ. ಹೊರಗೆ ಬಂದ ಮೇಲೆ ಏನೂ ತಿನ್ನುವುದಿಲ್ಲ, ಸೀದಾ ಕೋಶವಾಗಿಬಿಡುತ್ತದೆ, ಅಂದರೆ ಗಟ್ಟಿ ಚಿಪ್ಪಿನೊಳಗೆ ಸೇರಿ ನೊಣವಾಗಿ ಮಾರ್ಪಡುತ್ತದೆ. ತಾಯಿ ಅದನ್ನು ಬಿಡುವುದು ಗೂಡಿನ ಹುಲ್ಲಿನಲ್ಲಿ, ಅಟ್ಟಣಿಗೆಯ ಬಿರುಕಿನಲ್ಲಿ, ಒಣಗಿದ ಹಿಕ್ಕೆಯ ಧೂಳಿನಲ್ಲಿ. ಮೊದಲು ಬಿಳಿಚಿಕೊಂಡಿರುವ ಕೋಶ ಬೇಗನೆ ಕಪ್ಪಾಗಿ ಮಿರಮಿರ ಹೊಳೆಯುತ್ತದೆ. ಉದ್ದ ಸುಮಾರು 3 ಮಿಲಿಮೀಟರ್. ನೋಡದವರಿಗೆ ಕಾಳು ಕಸ ಅನ್ನಿಸುತ್ತದೆ, ಅಷ್ಟೇ.

ಕೋಶ ಒಡೆದು ನೊಣ ಬರಲು ಸುಮಾರು 3ರಿಂದ 4 ವಾರ ಬೇಕು. ನನ್ನ ಲೆಕ್ಕವೆಲ್ಲ ಇದರ ಮೇಲೇ ನಿಂತಿದೆ. ಎರಡು ವಾರಕ್ಕೊಮ್ಮೆ ಹಾಸಿದ ಹುಲ್ಲನ್ನು ಪೂರ್ತಿ ತೆಗೆದು ಸುಡುತ್ತೇನೆ. ಸುಮ್ನೆ ಹೊರಗೆ ಸುರಿದರೆ ಕೋಶ ಅಲ್ಲೇ ಒಡೆಯುತ್ತದೆ, ನೊಣ ಮತ್ತೆ ಹಕ್ಕಿ ಹುಡುಕಿಕೊಂಡು ಬರುತ್ತದೆ. ಗೂಡಿನ ಬಟ್ಟಲುಗಳಿಗೆ ಕುದಿಯುವ ನೀರು ಹುಯ್ಯುತ್ತೇನೆ. ಹಲಗೆಯ ಸಂದನ್ನು ಚಪ್ಪಟೆ ಕಡ್ಡಿಯಿಂದ ಕೆರೆಯುತ್ತೇನೆ. ಬೇಜಾರಿನ ಕೆಲಸವೇ, ಆದರೆ ಕೋಶ ಜಾಸ್ತಿ ಸಿಗುವುದು ಅಲ್ಲೇ.

ಹಕ್ಕಿಯ ಮೈಮೇಲಿನ ನೊಣಕ್ಕೆ ಪಶುವೈದ್ಯರು ಹೇಳಿದ ಪರ್ಮೆಥ್ರಿನ್ ಅನ್ನುವ ಕೀಟನಾಶಕದ ಪುಡಿ ಬಳಸುತ್ತೇನೆ, ಅವರು ಹೇಳಿದ ಅಳತೆಯಲ್ಲೇ. ಪುಡಿ ಮಾತ್ರ ಹಾಕಿ ಗೂಡು ಬಿಟ್ಟರೆ ದುಡ್ಡು ದಂಡ. ಗರಿ ಮೂಡುತ್ತಿರುವ ಮರಿಗಳನ್ನು ಮೊದಲು ನೋಡಬೇಕು, ನೊಣಕ್ಕೆ ಅವು ಬಲು ಇಷ್ಟ.

ಬರೀ ರಕ್ತ ಹೀರಿದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೀಮೋಪ್ರೋಟಿಯಸ್ ಅನ್ನುವ, ಮಲೇರಿಯಾ ಜಾತಿಗೆ ಹತ್ತಿರದ ರೋಗಾಣುವನ್ನು ಪಾರಿವಾಳದಿಂದ ಪಾರಿವಾಳಕ್ಕೆ ದಾಟಿಸುವುದು ಇದೇ ನೊಣ. ಫ್ರೆಂಚ್ ವಿಜ್ಞಾನಿಗಳಾದ ಸೆರ್ಜೆಂಟ್ ಸಹೋದರರು 1906ರಲ್ಲೇ ಇದನ್ನು ತೋರಿಸಿದ್ದರು. ಸಾಲದ್ದಕ್ಕೆ ಗರಿ ತಿನ್ನುವ ಹೇನುಗಳು ಇದೇ ನೊಣದ ಮೈಗೆ ಅಂಟಿಕೊಂಡು ಬೇರೆ ಹಕ್ಕಿಗೆ ಹೋಗುತ್ತವೆ. ಪುಕ್ಕಟೆ ಸವಾರಿ, ಅಲ್ವಾ!

ಕುರಿ ಸಾಕುವವರು ನನ್ನ ದಾರಿ ಹಿಡಿದರೆ ಉಪಯೋಗವಿಲ್ಲ. ಇದರ ಬಂಧುವಾದ ಕುರಿನೊಣಕ್ಕೆ ರೆಕ್ಕೆಯೇ ಇಲ್ಲ, ಕೋಶವನ್ನೂ ಉಣ್ಣೆಗೇ ಅಂಟಿಸುತ್ತದೆ. ಅಲ್ಲಿ ಉಣ್ಣೆ ಕತ್ತರಿಸುವುದೇ ಅರ್ಧ ಮದ್ದು.

ಇನ್ನೊಂದು ವಿಷಯ. ಹಕ್ಕಿ ಸತ್ತರೆ ಮೈ ಆರುತ್ತಿದ್ದಂತೆ ನೊಣಗಳು ಬಿಟ್ಟು ಹೊರಡುತ್ತವೆ. ಹಾಗಾಗಿ ಸತ್ತ ಹಕ್ಕಿ ಕಂಡ ಕೂಡಲೇ ಚೀಲಕ್ಕೆ ಹಾಕಿ ಬಾಯಿ ಬಿಗಿದುಬಿಡುತ್ತೇನೆ. ಹೊಸದಾಗಿ ತಂದ ಹಕ್ಕಿಯನ್ನೂ ಗರಿ ಬಿಡಿಸಿ ನೋಡದೆ ಉಳಿದವುಗಳ ಜೊತೆ ಬಿಡುವುದಿಲ್ಲ.