ಅಡಿಕೆ ಬೆಂದಿದ್ದು ಗೋಬರ್ ಗ್ಯಾಸಿನಲ್ಲಿ

ಶಿರಸಿ ಕಡೆ ಗೋಬರ್ ಗ್ಯಾಸ್ ನಮಗೆ ಹೊಸದಲ್ಲ. ಆದರೆ ಅದು ಅಡುಗೆಮನೆ ದಾಟುವುದಿಲ್ಲ. ಅಡಿಕೆ ಬೇಯಿಸಲು ಬೆಟ್ಟದ ಕಟ್ಟಿಗೆಯೇ ಆಗಬೇಕು ಅಂತ ಎಲ್ಲರ ನಂಬಿಕೆ. ನಾಲ್ಕು ವರ್ಷದ ಹಿಂದೆ ನಾನು ಬೇರೆ ಮಾತು ಎತ್ತಿದಾಗ ಪಕ್ಕದ ಮನೆ ದೊಡ್ಡಪ್ಪ, "ಅಡುಗೆಗೇ ಸಾಕಾಗ್ತಿಲ್ಲೆ, ಅಡಿಕೆ ಬೇಯಿಸ್ತ್ಯನ ತಮಾ?" ಅಂದಿದ್ದರು. ಈ ಸಲದ ಕೊಯ್ಲಿನಲ್ಲಿ ಹತ್ತು ಹಂಡೆಗೆ ಏಳು ಹಂಡೆ ಗ್ಯಾಸಿನಲ್ಲೇ ಬೆಂದಿದೆ. ಅದೇ ದೊಡ್ಡಪ್ಪ ಬಂದು ಅಡಿಕೆ ಕತ್ತರಿಸಿ ನೋಡಿ, ಬಣ್ಣ ಚೆನ್ನಾಗಿದೆ ಅಂದರು.

ನಮ್ಮದು 4 ಘನ ಮೀಟರಿನ ದೀನಬಂಧು, ಅಂದರೆ ನೆಲದೊಳಗೆ ಗುಮ್ಮಟ ಕಟ್ಟಿದ ಗೋಬರ್ ಗ್ಯಾಸ್ ಪ್ಲಾಂಟು. ಜಾನುವಾರು ಎಂಟು.

ಮೊದಲು ದುಡ್ಡು ಕಳೆದಿದ್ದು ಬರ್ನರಿಗೆ. ಹೋಟೆಲಿನವರು ಬಳಸುವ ಸಿಲಿಂಡರ್ ಬರ್ನರ್ ತಂದೆ, ಮೂರೂವರೆ ಸಾವಿರದ ಹತ್ತಿರ. ಉರಿ ಹತ್ತಲೇ ಇಲ್ಲ. ನಮ್ಮ ಗ್ಯಾಸಿನಲ್ಲಿ ಮೀಥೇನ್ ನೂರಕ್ಕೆ 55ರಿಂದ 60 ಪಾಲು, ಉಳಿದಿದ್ದು ಹೆಚ್ಚಾಗಿ ಇಂಗಾಲದ ಡೈಆಕ್ಸೈಡ್. ಒತ್ತಡವೂ ಕಡಿಮೆ. ಗ್ಯಾಸ್ ಹೊರಬರುವ ಆ ಸಣ್ಣ ಜೆಟ್ಟಿನಲ್ಲಿ ಸಾಲುವುದಿಲ್ಲ. ತೂತು ದೊಡ್ಡ ಮಾಡಿಸಿದೆ, ಹಳದಿ ಉರಿ ಬಂದು ಹಂಡೆಯ ತಳ ಕಪ್ಪಾಯಿತು. ಮೂರನೇ ಜೆಟ್ಟಿಗೆ ನೀಲಿ ಉರಿ ನಿಂತಿತು. ಆ ಅಳತೆ ಇಲ್ಲಿ ಬರೆಯುವುದಿಲ್ಲ. ಬೇಕಾದವರು ಮನೆಗೆ ಬನ್ನಿ, ಕಣ್ಣಾರೆ ನೋಡಿ.

ಆಮೇಲೆ ಗ್ಯಾಸ್ ತುಂಬಿಡುವ ಬಲೂನು. ಸುಮಾರು ಹದಿನಾಲ್ಕು ಸಾವಿರ ಕೊಟ್ಟು ತಂದು ಅಟ್ಟದ ಮೇಲೆ ಇಟ್ಟೆ. ಹದಿನೈದು ದಿನಕ್ಕೇ ಇಲಿ ಕಡಿಯಿತು. ಈಗ ಅದರ ಸುತ್ತ ತಂತಿಬಲೆ ಇದೆ. ಬಲೆಗೆ ಮತ್ತೆ ಎರಡು ಸಾವಿರ.

ನಿಜವಾದ ತೊಂದರೆ ಚಳಿ. ಕೊಯ್ಲು ಬರುವುದೂ ಡಿಸೆಂಬರ್-ಜನವರಿಗೆ, ಗ್ಯಾಸ್ ಇಳಿಯುವುದೂ ಆಗಲೇ. ಎರಡು ವರ್ಷ ಇಲ್ಲೇ ಸೋತೆ. ಕೊನೆಗೆ ಮನೆಯ ಹಂಚಿನ ಮಾಡಿನ ಮೇಲೆ ಕಪ್ಪು ಪೈಪು ಸುತ್ತಿ ಹಾಸಿದೆ. ಮಧ್ಯಾಹ್ನ ಮೂರಕ್ಕೆ ಕೈ ಇಡಲಾಗದಷ್ಟು ಬಿಸಿ ನೀರು. ಅದರಲ್ಲೇ ಸಗಣಿ ಕಲಸುತ್ತೇನೆ, ಆ ಬಿಸಿ ನೀರನ್ನೇ ಹಂಡೆಗೂ ಹಾಕುತ್ತೇನೆ. ಗುಮ್ಮಟದ ಮೇಲೆ ದಪ್ಪಗೆ ದರಕು (ಒಣ ಎಲೆ) ಹೊದಿಸಿದ್ದೇನೆ. ಹಂಡೆಯನ್ನೂ ಸಣ್ಣದು ಮಾಡಿದೆ, ಮುಚ್ಚಳ ಹಾಕಿಸಿದೆ, ಸುತ್ತ ಮಣ್ಣು ಮೆತ್ತಿದೆ. ಇಷ್ಟರಿಂದಲೇ ಗ್ಯಾಸ್ ಮೂರರಲ್ಲಿ ಒಂದು ಪಾಲು ಉಳಿತಾಯ ಆಗಿರಬೇಕು. ಕೊಯ್ಲಿನ ಎರಡು ತಿಂಗಳು ಅಡುಗೆಗೆ ಮಾತ್ರ ಸಿಲಿಂಡರ್. ಅದಕ್ಕೆ ಮನೆಯವಳನ್ನು ಒಪ್ಪಿಸಬೇಕಾಯಿತು.

ನಡುವೆ ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಬೇಯಿಸಿ ಉಳಿದ ತೊಗರನ್ನು ಸುಮ್ನೆ ಯಾಕೆ ಚೆಲ್ಲಬೇಕು ಅಂತ ನಾಲ್ಕು ಕೊಡ ಪ್ಲಾಂಟಿಗೆ ಸುರಿದೆ. ಮೂರು ವಾರ ಗ್ಯಾಸೇ ಇಲ್ಲ. ಅದರ ಒಗರು ಒಳಗಿನ ಜೀವಾಣುಗಳಿಗೆ ಆಗುವುದಿಲ್ಲ. ಅಡಿಕೆ ಸಿಪ್ಪೆ ಹಾಕಿದ್ದೂ ಕೆಟ್ಟಿತು, ಮೇಲೆ ತೇಲಿ ಗಟ್ಟಿ ಕೆನೆ ಕಟ್ಟಿತು. ಹಲಸಿನ ಕಾಲದಲ್ಲಿ ಕೊಳೆತ ಹಣ್ಣು ಹಾಕಿ ನೋಡಿದ್ದೇನೆ, ಅದು ಮಾತ್ರ ಜೋರು ಗ್ಯಾಸ್ ಕೊಟ್ಟಿತು. ಜಾಸ್ತಿ ಹಾಕಿದರೆ ಹುಳಿ ಬರುತ್ತದೆ, ದಿನಕ್ಕೆ ಒಂದು ಬುಟ್ಟಿ ಸಾಕು.

ಮಹಾರಾಷ್ಟ್ರದ ಕರಾವಳಿಯ ದಾಭೋಳದಿಂದ ಬೆಂಗಳೂರಿಗೆ ಹೋಗುವ ಪೈಪಿನಲ್ಲಿ ಹರಿಯುವ ನೈಸರ್ಗಿಕ ಅನಿಲವೂ ಮುಖ್ಯವಾಗಿ ಇದೇ ಮೀಥೇನ್. ಕಟ್ಟಿಗೆ, ಕಲ್ಲಿದ್ದಲಿನ ಹಾಗೆ ಹೊಗೆ, ಬೂದಿ ಇಲ್ಲ. ಆದರೆ ಪೈಪಿನದು ಭೂಮಿಯೊಳಗೆ ಹುದುಗಿದ್ದ ಇಂಗಾಲ. ನಮ್ಮದು ಹಸು ಮೇದ ಹುಲ್ಲಿನದು, ಹೊಸದಾಗಿ ಗಾಳಿಗೆ ಸೇರುವುದಲ್ಲ. ಆದರೆ ಎರಡಕ್ಕೂ ಒಂದು ಮಾತು ಸತ್ಯ: ಸುಡದೆ ಬಿಟ್ಟರೆ ಅಪಾಯ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಏರಿಸುತ್ತದೆ. ಇದು ಗೊತ್ತಾದ ಮೇಲೆ ಒಂದು ಮಳೆಗಾಲದಲ್ಲಿ ಪ್ಲಾಂಟಿನಿಂದ ಹೊರಬರುವ ಬಗ್ಗಡದ ಗುಂಡಿಯ ಹತ್ತಿರ ಕೂತು ನೋಡಿದೆ. ಗ್ಯಾಸ್ ತುಂಬಿದಾಗ ಅಲ್ಲಿ ಗುಳುಗುಳು ಗುಳ್ಳೆ ಏಳುತ್ತಿತ್ತು. ವರ್ಷಗಟ್ಟಲೆ ಹೀಗೇ ಹೋಗುತ್ತಿತ್ತಲ್ವಾ ಅಂತ ಹೊಟ್ಟೆ ಉರಿಯಿತು. ಈಗ ಹೆಚ್ಚಾದದ್ದನ್ನು ಬಚ್ಚಲ ಹಂಡೆಗೆ ಕೊಡುತ್ತೇನೆ. ತಿಂಗಳಿಗೊಮ್ಮೆ ಎಲ್ಲ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ನೋಡುತ್ತೇನೆ.

ಒಟ್ಟು ಖರ್ಚು, ಹಾಳಾದದ್ದೂ ಸೇರಿ, ಮೂವತ್ತು ಸಾವಿರ ಆಗಿರಬಹುದು. ಮೊದಲು ಕೊಯ್ಲಿಗೆ ಎರಡು ಟ್ರ್ಯಾಕ್ಟರ್ ಕಟ್ಟಿಗೆ ಹೋಗುತ್ತಿತ್ತು. ಈ ಸಲ ಅರ್ಧ ಲೋಡು ಮುಗಿದಿಲ್ಲ. ಅಮ್ಮ ಒಲೆಯ ಪಕ್ಕ ಕೂತು ಅಡಿಕೆ ತೊಳಸುವಾಗ ಈ ವರ್ಷ ಕೆಮ್ಮಲಿಲ್ಲ. ಬೆಟ್ಟದಲ್ಲಿ ಕಡಿಯಬೇಕೆಂದು ಗುರುತು ಹಾಕಿದ್ದ ಎರಡು ಮತ್ತಿ ಮರ ಇನ್ನೂ ನಿಂತಿವೆ.