ಕೊರಿಯನ್‌ನಲ್ಲಿ ಖುಷಿ ಹೇಳಿಕೊಳ್ಳುವುದು: ಹೊಸದಾಗಿ ಬಂದ ಕುಟುಂಬಗಳಿಗೆ

ಕೊರಿಯಾಕ್ಕೆ ಬಂದ ಹೊಸದರಲ್ಲಿ ನಾವೆಲ್ಲ ಕಲಿಯುವುದು ಬೆಲೆ ಕೇಳೋದು, ದಾರಿ ಕೇಳೋದು, ಆಸ್ಪತ್ರೆಯಲ್ಲಿ ಎಲ್ಲಿ ನೋವು ಅಂತ ಹೇಳೋದು. ಅವು ಬೇಕೇ ಬೇಕು. ಆದರೆ ಅಷ್ಟರಿಂದ ಯಾರೂ ಪರಿಚಯ ಆಗುವುದಿಲ್ಲ. ಸುವೊನ್‌ನಲ್ಲೋ ಡೇಜನ್‌ನಲ್ಲೋ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಬ್ಬರು ಅಜ್ಜಿ ನಿಮ್ಮ ಮಗುವನ್ನು ನೋಡಿ 'ಐಗೊ, ಯೆಪ್ಪೊರಾ' ಅನ್ನುತ್ತಾರೆ. ಅಯ್ಯೋ, ಎಷ್ಟು ಮುದ್ದಾಗಿದೆ ಅಂತ. ನೀವು ನಕ್ಕು ಸುಮ್ಮನಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಸ್ವಲ್ಪ ತಲೆ ಬಗ್ಗಿಸಿ 'ಕಮ್ಸಾಹಮ್ನಿದಾ' ಅಂದರೆ ಮುಂದಿನ ಸಲ ಅವರೇ ನಿಮ್ಮನ್ನು ಮಾತಾಡಿಸುತ್ತಾರೆ.

ಖುಷಿಗೆ ಮೊದಲು ಕಲಿಯಬೇಕಾದ್ದು ಒಂದೇ ಮಾತು: 'ಜೊಆಯೊ'. ಚೆನ್ನಾಗಿದೆ, ನನಗಿಷ್ಟ, ಆಗಲಿ ಸರಿ, ಎಲ್ಲದಕ್ಕೂ ಇದು ನಡೆಯುತ್ತದೆ. 'ಕಿಬುನಿ ಜೊಆಯೊ' ಅಂದರೆ ಮನಸ್ಸಿಗೆ ಖುಷಿಯಾಗಿದೆ. ಜಾಸ್ತಿ ಖುಷಿ ಆದರೆ ಮುಂದೆ 'ಚೊಂಗ್ಮಲ್' ಸೇರಿಸಿ, ನಿಜವಾಗ್ಲೂ ಅಂತ. ಪಠ್ಯಪುಸ್ತಕದಲ್ಲಿ ಸಂತೋಷಕ್ಕೆ 'ಕಿಪ್ಪೊಯೊ' ಅಂತ ಕೊಟ್ಟಿರುತ್ತಾರೆ. ತಪ್ಪೇನಿಲ್ಲ, ಆದರೆ ದಿನದ ಮಾತಿನಲ್ಲಿ 'ಜೊಆಯೊ' ಕಿವಿಗೆ ಬೀಳುವಷ್ಟು ಅದು ಬೀಳುವುದಿಲ್ಲ. 'ಹೆಂಗ್ಬೊಖೆಯೊ' ಸುಖ, ನೆಮ್ಮದಿಯ ಮಾತು. ಹೊಸದಾಗಿ ಮದುವೆಯಾದವರಿಗೆ 'ಹೆಂಗ್ಬೊಖಾಸೆಯೊ' ಅಂದರೆ ಸುಖವಾಗಿರಿ ಅಂತ ಹಾರೈಸಿದ ಹಾಗೆ. ಎವರ್‌ಲ್ಯಾಂಡ್ ಅನ್ನುವ ಮನರಂಜನಾ ಪಾರ್ಕಿಗೆ ಹೊರಟ ಮಕ್ಕಳ ಕುಣಿದಾಟಕ್ಕೆ 'ಶಿನ್ನಾಯೊ' ಅನ್ನುತ್ತಾರೆ.

ಪದಕ್ಕಿಂತ ಕೊನೆಯ ಪ್ರತ್ಯಯದ ಕಡೆ ಹೆಚ್ಚು ಗಮನ ಕೊಡಿ ಅಂತ ನಾವು ಎಲ್ಲರಿಗೂ ಹೇಳುತ್ತೇವೆ. ಗೆಳೆಯರ ಹತ್ತಿರ 'ಜೊಆ', ಬೇರೆಯವರ ಹತ್ತಿರ 'ಜೊಆಯೊ', ಆಫೀಸಿನ ಮೀಟಿಂಗಿನಲ್ಲಿ 'ಜೊಸ್ಸುಮ್ನಿದಾ'. ಮಕ್ಕಳಿಗೆ ಶಾಲೆಯ ಗೆಳೆಯರಿಂದ ಮೊದಲು ಬರುವುದು 'ಜೊಆ'. ಅದನ್ನೇ ಹಿರಿಯರ ಮುಂದೆ ಅಂದರೆ ನಮ್ಮಲ್ಲಿ ತಾತನನ್ನು ನೀನು ಅಂದಂತೆ ಕೇಳಿಸುತ್ತದೆ. ಮಕ್ಕಳು ವಿದೇಶಿಯರಾದ್ದರಿಂದ ಯಾರೂ ಬಯ್ಯುವುದಿಲ್ಲ, ಆದರೂ ಕೊನೆಗೆ 'ಯೊ' ಸೇರಿಸುವ ಅಭ್ಯಾಸವನ್ನು ಮನೆಯಲ್ಲೇ ಮಾಡಿಸಿ.

ಇನ್ನೊಂದು ವಿಷಯ, ಇದರಲ್ಲಿ ಬಹಳ ಜನ ಎಡವುತ್ತಾರೆ. ನಿಮ್ಮ ಖುಷಿಗೆ ಒಂದು ರೂಪ, ಬೇರೆಯವರ ಖುಷಿಗೆ ಇನ್ನೊಂದು. ನನಗೆ ಖುಷಿಯಾದರೆ 'ಕಿಪ್ಪೊಯೊ', ಮಗಳಿಗೆ ಖುಷಿಯಾದರೆ 'ಕಿಪ್ಪೊಹೆಯೊ'. ಇನ್ನೊಬ್ಬರ ಮನಸ್ಸಿನೊಳಗೆ ಏನಿದೆ ಅಂತ ನೇರವಾಗಿ ಹೇಳದೆ, ಹೊರಗೆ ಕಾಣುವ ಹಾಗೆ ಹೇಳುವ ಕ್ರಮ ಇದು. ಹಾಗೆಯೇ ನಮ್ಮ ಮಗಳಿಗೆ ಶಾಲೆ ಇಷ್ಟ ಅನ್ನಲು 'ಉರಿ ತಾರಿ ಹಕ್ಕ್ಯೊರುಲ್ ಜೊಆಹೆಯೊ'. ಇಲ್ಲಿ 'ಉರಿ' ಅಂದರೆ ನಮ್ಮ. ಅವರೂ ನಮ್ಮ ಹಾಗೇ ನನ್ನ ಮಗಳು ಅನ್ನದೆ ನಮ್ಮ ಮಗಳು ಅನ್ನುತ್ತಾರೆ.

ಕನ್ನಡ ಬಲ್ಲವರಿಗೆ ಇಂಥ ಅನುಕೂಲ ಇನ್ನೂ ಇವೆ. ಎರಡೂ ಭಾಷೆಯಲ್ಲಿ ಕ್ರಿಯಾಪದ ಕೊನೆಗೇ ಬರುತ್ತದೆ. 'ಮನ್ನಸೊ ಬಂಗಪ್ಸುಮ್ನಿದಾ' ಅನ್ನುವುದನ್ನು ನಿಮ್ಮನ್ನು ನೋಡಿ ಸಂತೋಷವಾಯಿತು ಅಂತ ಅದೇ ಕ್ರಮದಲ್ಲಿ ಕೂಡಿಸಿಕೊಳ್ಳಬಹುದು: 'ಮನ್ನಸೊ' ಭೇಟಿಯಾಗಿ, ಉಳಿದದ್ದು ಸಂತೋಷ. ವಾಕ್ಯದ ಕೊನೆಯ 'ಜ್ಯೊ' ನಮ್ಮ ಅಲ್ವಾ ಇದ್ದ ಹಾಗೆ. 'ಜೊಛ್ಯೊ?' ಅಂದರೆ ಚೆನ್ನಾಗಿದೆ ಅಲ್ವಾ? ಮಹಾಪ್ರಾಣವೂ ನಮಗೆ ಹೊಸದಲ್ಲ. ಕಷ್ಟ ಇರುವುದು ಸ್ವರಗಳಲ್ಲಿ. ಅ ಮತ್ತು ಒ ನಡುವಿನ ಒಂದು ಸ್ವರ, ತುಟಿ ಗುಂಡಗೆ ಮಾಡದೆ ಹೇಳುವ ಉ ತರಹದ ಇನ್ನೊಂದು, ಎರಡೂ ಕನ್ನಡದಲ್ಲಿಲ್ಲ. ಆದ್ದರಿಂದ ಇಲ್ಲಿ ಬರೆದ ಉಚ್ಚಾರಣೆ ಹೆಚ್ಚು ಕಡಿಮೆ ಮಾತ್ರ. ಬೇಗ ಹಾಂಗುಲ್ ಲಿಪಿ ಕಲಿತುಬಿಡಿ. ರಾಜ ಸೆಜೊಂಗ್ 1446ರಲ್ಲಿ ಪ್ರಕಟಿಸಿದ ಈ ಲಿಪಿಯಲ್ಲಿ ಈಗ ಮೂಲ ಅಕ್ಷರ 24 ಅಷ್ಟೆ. ನಮ್ಮ ಕಾಗುಣಿತದ ಹಾಗೆ ವ್ಯಂಜನಕ್ಕೆ ಸ್ವರ ಕೂಡಿಸಿ ಬರೆಯುವುದರಿಂದ ಬೇಗ ಕೈಗೆ ಹತ್ತುತ್ತದೆ.

ಬೇರೆಯವರಿಗೆ ಒಳ್ಳೆಯದಾದಾಗ ಹೇಳುವ ಮಾತುಗಳನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಪರೀಕ್ಷೆ ಪಾಸಾಯಿತು, ಕೆಲಸ ಸಿಕ್ಕಿತು ಅಂದರೆ 'ಜಲ್ದ್ವೆನ್ನೆಯೊ', ಒಳ್ಳೇದಾಯ್ತಲ್ಲ ಅಂತ. ಜೊತೆಗೆ 'ಚುಖಾಹೆಯೊ', ಅಭಿನಂದನೆ. ಭಯ ಇದ್ದದ್ದು ಸರಿಹೋದಾಗ, ಸದ್ಯ ಅನ್ನುವ ಕಡೆ 'ದಾಹೆಂಗಿಯೆಯೊ'. ಹೊಸ ಡೇಕೇರ್‌ಗೆ ಸೇರಿದ ಮಗು ಊಟ ಮುಟ್ಟುತ್ತಿಲ್ಲ ಅಂತ ನಿಮಗೆ ಚಿಂತೆ ಇರುತ್ತದೆ. ಒಂದು ಸಂಜೆ ಟೀಚರ್ ಬಾಗಿಲಲ್ಲಿ ನಿಂತು 'ಒನುಲ್ ಪಾಪ್ ಚಲ್ ಮೊಗೊಸ್ಸೊಯೊ' ಅನ್ನುತ್ತಾರೆ, ಇವತ್ತು ಚೆನ್ನಾಗಿ ಊಟ ಮಾಡಿತು ಅಂತ. ಆಗ 'ದಾಹೆಂಗಿಯೆಯೊ' ಅನ್ನಿ, 'ಸೊನ್ಸೆಂಗ್ನಿಮ್ ದೊಕ್ಪುನಿಯೆಯೊ' ಅನ್ನಿ, ಎಲ್ಲ ನಿಮ್ಮಿಂದ ಟೀಚರ್ ಅಂತ. ಅವರ ಮುಖ ನೋಡಿ, ಈ ಎರಡು ಮಾತಿಗೆ ಎಷ್ಟು ಬೆಲೆ ಅಂತ ಗೊತ್ತಾಗುತ್ತದೆ. ಅವರು 'ಅನಿಯೆಯೊ' ಅಂದರೆ ಬೇಜಾರಾಗಬೇಡಿ. ಹೊಗಳಿದಾಗ ಅಯ್ಯೋ ಹಾಗೇನಿಲ್ಲ ಅನ್ನುವುದು ಇಲ್ಲಿಯ ಮರ್ಯಾದೆ.

ಸಮಾರಂಭಕ್ಕೆ ಕರೆದರೆ ತಪ್ಪದೆ ಹೋಗಿ. ಮಗುವಿನ ಮೊದಲ ಹುಟ್ಟುಹಬ್ಬ 'ದೋಲ್‌ಜಾಂಚಿ'ಯಲ್ಲಿ ಮಗುವಿನ ಮುಂದೆ ದಾರ, ದುಡ್ಡು, ಪೆನ್ಸಿಲ್ ಹರಡುತ್ತಾರೆ. ದಾರ ಹಿಡಿದರೆ ದೀರ್ಘಾಯುಸ್ಸು, ಪೆನ್ಸಿಲ್ ಹಿಡಿದರೆ ವಿದ್ಯೆ. ಮಗು ಏನು ಎತ್ತಿಕೊಂಡರೂ ಚಪ್ಪಾಳೆ ತಟ್ಟಿ 'ಚುಖಾಹಮ್ನಿದಾ' ಅನ್ನಿ. ಹೊಸ ಮನೆಗೆ ಬಂದವರು ಕರೆಯುವ 'ಜಿಪ್ತುರಿ'ಗೆ ಟಿಶ್ಯೂ ಪೇಪರ್ ಅಥವಾ ಬಟ್ಟೆ ಸೋಪಿನ ಪುಡಿ ಒಯ್ಯುವುದು ರೂಢಿ. ನೊರೆಯ ಹಾಗೆ ಐಶ್ವರ್ಯ ಉಕ್ಕಲಿ ಅನ್ನುವ ಹಾರೈಕೆ ಅದರಲ್ಲಿದೆ, ಸಂಕೋಚ ಬೇಡ. ಚಾಂದ್ರಮಾನ ಹೊಸ ವರ್ಷವಾದ ಸೊಲ್ಲಾಲ್ ಹಬ್ಬಕ್ಕೆ ಮತ್ತು ಜನವರಿ 1ಕ್ಕೆ 'ಸೆಹೆ ಬೊಕ್ ಮಾನಿ ಬಾದುಸೆಯೊ', ಹೊಸ ವರ್ಷದಲ್ಲಿ ನಿಮಗೆ ತುಂಬಾ ಒಳ್ಳೆಯದಾಗಲಿ ಅಂತ. ಸೆಕ್ಯೂರಿಟಿಯವರಿಗೆ, ಅಂಗಡಿಯವರಿಗೆ, ಎಲ್ಲರಿಗೂ ಹೇಳಬಹುದು.

ಕ್ರಮವಾಗಿ ಕಲಿಯುವ ಆಸೆ ಇದ್ದವರು ವಿದೇಶಿ ನೋಂದಣಿ ಕಾರ್ಡ್ ಕೈಗೆ ಬಂದ ಮೇಲೆ ನ್ಯಾಯ ಸಚಿವಾಲಯದ ಸಾಮಾಜಿಕ ಏಕೀಕರಣ ಕಾರ್ಯಕ್ರಮಕ್ಕೆ ಹೆಸರು ಕೊಡಿ. 0ಯಿಂದ 5ರವರೆಗೆ ಹಂತಗಳಿವೆ. ಪೂರ್ತಿ ಮುಗಿಸಿದರೆ ಮುಂದೆ ಕಾಯಂ ವಾಸದ ಅರ್ಜಿಗೂ ಅನುಕೂಲ. ನಿಮ್ಮ ಊರಿನ ಕುಟುಂಬ ಕೇಂದ್ರದಲ್ಲೂ ವಿಚಾರಿಸಿ. ವೀಸಾ, ನೋಂದಣಿ ಬಗ್ಗೆ ಏನೇ ಅನುಮಾನ ಇದ್ದರೂ ವಿದೇಶಿಯರ ಸಹಾಯವಾಣಿ 1345ಕ್ಕೆ ಫೋನ್ ಮಾಡಿ, ಇಂಗ್ಲಿಷ್‌ನಲ್ಲಿ ಮಾತಾಡುವವರು ಸಿಗುತ್ತಾರೆ.